ಸತ್ತ ನೀರಿನ ದಿನ

ನನ್ನ ಗಂಜಿ ಅಂಗಡಿ ಇರುವುದು ಕಡಲ ದಂಡೆಯಲ್ಲಿ ಪ್ರವಾಸಿಗರು ತಂಗುವ ಹೋಟೆಲಿನ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಬಿಸಿಗಾಳಿ ಹೊರಗೆ ಬರುವ ಗೋಡೆಯ ಎದುರು. ಅಲ್ಲಿಂದ ಕಡಲು ಕಾಣುವುದಿಲ್ಲ. ಹಿಂದೆ ಕಾಣುತ್ತಿತ್ತು. ಆ ಗೋಡೆ ನಿಂತಿರುವ ಜಾಗ ನನ್ನ ಅಕ್ಕ ಚಲುವಾಯ್‌ದು, ಅದರ ಪಕ್ಕದ್ದು ನನ್ನದು. ನಮ್ಮ ದ್ವೀಪದಲ್ಲಿ ಅಪ್ಪಂದಿರು ಗಂಡುಮಕ್ಕಳಿಗೆ ಗುಡ್ಡದ ಕಡೆಯ ತೆಂಗಿನ ತೋಟ ಕೊಡುತ್ತಿದ್ದರು, ಹೆಣ್ಣುಮಕ್ಕಳಿಗೆ ಏನೂ ಬೆಳೆಯದ ಮರಳು ಕೊಡುತ್ತಿದ್ದರು. ಆಮೇಲೆ ಮರಳೇ ಚಿನ್ನವಾಯಿತು ಎಂದು ಜನ ಹೇಳುತ್ತಾರೆ. ಚಿನ್ನವಾಗುವ ಹೊತ್ತಿಗೆ ಅದು ನಮ್ಮ ಕೈಯಲ್ಲಿರಲಿಲ್ಲ. ಒಂದು ಮೋಟಾರ್ ಸೈಕಲ್ಲು, ತಗಡಿನ ಮಾಡು, ಒಂದು ಫ್ರಿಜ್ಜು, ಇಷ್ಟಕ್ಕೇ ಕೊಟ್ಟು ಮುಗಿದಿತ್ತು. ಅತ್ತು ಪ್ರಯೋಜನವಿಲ್ಲ. ಫ್ರಿಜ್ಜು ಒಳ್ಳೆಯದಿತ್ತು, ಬಹಳ ವರ್ಷ ಬಾಳಿಕೆ ಬಂತು.

ಅಕ್ಕ ತೀರಿಕೊಂಡ ಮೇಲೂ ಅವಳ ಗಂಡ ವಿಯನ್ ಭಾವ ದಿನಾ ಬೆಳಿಗ್ಗೆ ಗಂಜಿಗೆ ನನ್ನಲ್ಲಿಗೇ ಬರುತ್ತಾರೆ. ಬಂದವರು ಮೂಲೆಯ ಸ್ಟೂಲಿನಲ್ಲಿ ಕೂತು ಮೊದಲು ನನ್ನ ಗಂಜಿಯನ್ನು ಬೈಯುತ್ತಾರೆ, ಆಮೇಲೆ ಉಣ್ಣುತ್ತಾರೆ. ಮಳೆಗಾಲ ಮುಗಿದ ಹೊಸತರಲ್ಲಿ ಒಂದು ದಿನ ಬೈಯಲಿಲ್ಲ. ಏನೋ ಆಗಿದೆ ಎಂದುಕೊಂಡೆ.

"ಕೊಲ್ಲಿಯಿಂದ ದೋಣಿ ತೆಗೀಬೇಕಂತೆ," ಅಂದರು. "ಈಜೋರಿಗೆ ಅಂತ ಹಗ್ಗ ಕಟ್ತಾರಂತೆ. ಹಗ್ಗದ ಒಳಗೆ ಯಾವ ದೋಣೀನೂ ಇರಬಾರದು."

"ಯಾವ ದೋಣೀನೂ ಅಂದ್ರೆ? ಅಲ್ಲಿರೋದು ನಿಮ್ಮದೊಂದೇ ಅಲ್ವಾ ಭಾವ?"

"ಅದನ್ನೇ ಹೇಳಿದ್ದು."

ನಾನು ಮದುವೆಗೆ ಮುಂಚೆ ಬೆಳಿಗ್ಗೆ ಎದ್ದು ಎಣಿಸಲು ಹೋದರೆ ಎಣಿಕೆ ತಪ್ಪುವಷ್ಟು ದೋಣಿಗಳಿದ್ದವು ಆ ಕೊಲ್ಲಿಯಲ್ಲಿ. ಮೂತಿಗೆಲ್ಲ ಬಣ್ಣಬಣ್ಣದ ಬಟ್ಟೆ, ಮಲ್ಲಿಗೆ ಮಾಲೆ. ಈಗ ಉಳಿದದ್ದು ಭಾವನ ದೋಣಿ ಮಾತ್ರ, ಹಿಂದೆ ಬಾಲದ ಹಾಗೆ ಉದ್ದ ಕೋಲಿನ ಎಂಜಿನ್ ಇರುವಂಥದ್ದು. ಅದರ ಎಂಜಿನ್ ಕೆಟ್ಟು ಎಷ್ಟೋ ಕಾಲವಾಗಿತ್ತು, ಬಿಚ್ಚಿ ಗುಜರಿಗೆ ಹಾಕಿದ್ದರು. ಆದರೂ ದಿನಾ ಹೋಗಿ ಒಳಗಿನ ನೀರು ಮೊಗೆದು ಚೆಲ್ಲಿ ಬರುತ್ತಿದ್ದರು.

"ಪಿಕುಲ್ ಏನಂತಾಳೆ?" ಎಂದೆ. ಪಿಕುಲ್ ಅವರ ಮಗಳು. ಅದೇ ಹೋಟೆಲಿನಲ್ಲಿ ಕೋಣೆ ಗುಡಿಸುವ ಹೆಂಗಸರ ಮೇಸ್ತ್ರಿ.

"ಹೋಟೆಲಿನವರೇ ತಗೋತಾರಂತೆ. ಹುಲ್ಲಿನ ಮೇಲೆ ಇಟ್ಟು, ಒಳಗೆ ಐಸು ತುಂಬಿ, ಐಸಿನ ಮೇಲೆ ಸೀಗಡಿ, ಏಡಿ ಜೋಡಿಸ್ತಾರಂತೆ. ಬಂದವರು ಬೇಕಾದ್ದು ಎತ್ಕೊಂಡು ತಿನ್ನೋಕೆ."

ನನಗೆ ನಗು ಬಂತು. "ಒಳ್ಳೇದೇ ಆಯ್ತಲ್ಲ. ನಿಮ್ಮ ಕೈಲಿದ್ದಾಗ ಅದರಲ್ಲಿ ಅಷ್ಟು ಏಡಿ ಯಾವತ್ತೂ ತುಂಬಿರಲಿಲ್ಲ."

ಅವರೂ ನಕ್ಕರು. ನಗು ಬೇಗ ಮುಗಿಯಿತು. "ದೋಣಿ ಹೋಗ್ಲಿ ನುವಾನ್. ಮರ ತಾನೇ. ದೋಣಿಯಮ್ಮನ್ನ ಏನು ಮಾಡ್ಲಿ?"

ನಾನು ಸೌಟು ಕೆಳಗಿಟ್ಟೆ.

ನಮ್ಮ ದೋಣಿಗಳೆಲ್ಲ ತಕಿಯನ್ ಮರದವು. ಆ ಮರದಲ್ಲಿ ಒಬ್ಬಳು ಇರುತ್ತಾಳೆ. ಮರ ಕಡಿದರೆ ಹಲಗೆಯ ಜೊತೆ ಬಂದು ದೋಣಿಯ ಮೂತಿಯಲ್ಲಿ ಕೂರುತ್ತಾಳೆ, ದೋಣಿಯಮ್ಮನಾಗುತ್ತಾಳೆ. ದೋಣಿ ಹಳತಾದರೆ ಅವಳನ್ನು ಹಾಗೇ ಬಿಡುವಂತಿಲ್ಲ, ಬೇರೆ ದೋಣಿಗೆ ದಾಟಿಸಬೇಕು. ಎರಡು ದೋಣಿ ನೀರಿನ ಮೇಲೆ ಮೂತಿಗೆ ಮೂತಿ ತಂದು, ನಡುವೆ ಬಿಳಿ ದಾರ ಕಟ್ಟಿ, ಹೊಸ ಮದುಮಗಳನ್ನು ಹೊಸಿಲು ದಾಟಿಸುವ ಹಾಗೆ ಕರೆಯಬೇಕು. ಕರೆಯುವವನು ಎಷ್ಟು ಕರೆದರೂ ಸಾಲದು. ಆ ಕಡೆ ದೋಣಿಯವನು ಬಾಯಿಬಿಟ್ಟು "ಜಾಗ ಇದೆ" ಅನ್ನಬೇಕು. ಆ ಮಾತು ಬೀಳದಿದ್ದರೆ ಅವಳು ಕದಲುವುದಿಲ್ಲ. ಬಿದ್ದರೆ, ಆ ದೋಣಿಯ ಮೂತಿ ಯಾರೋ ಕಾಲಿಟ್ಟ ಹಾಗೆ ಒಮ್ಮೆ ತಗ್ಗುತ್ತದೆ. ಅದಕ್ಕೇ ಈ ಕೆಲಸ ಮಾಡುವುದು ಸತ್ತ ನೀರಿನ ದಿನ. ಆಗ ಕಡಲಿಗೆ ಏರಿಳಿತದ ಹಟ ಇರುವುದಿಲ್ಲ, ನೀರು ತಟ್ಟೆಯಲ್ಲಿ ಹಾಕಿಟ್ಟ ಹಾಗಿರುತ್ತದೆ. ಮೂತಿ ತಗ್ಗಿದರೆ ಅದು ಅವಳೇ, ಅಲೆಯಲ್ಲ ಎಂದು ಗೊತ್ತಾಗಬೇಕಲ್ಲ.

ಹೋಟೆಲಿನ ಮ್ಯಾನೇಜರು ದೋಣಿ ನೋಡಲು ಬಂದ ದಿನ ನಾನೂ ಕಡಲ ದಂಡೆಯಲ್ಲಿದ್ದೆ. ಬ್ಯಾಂಕಾಕಿನ ಹುಡುಗ, ಆರ್ಥಿತ್ ಎಂದು ಹೆಸರು. ಮರ್ಯಾದಸ್ಥ. ಭಾವನನ್ನು ಕಂಡ ಕೂಡಲೇ ಎರಡೂ ಕೈ ಜೋಡಿಸಿದ, ಚಪ್ಪಲಿ ಕಳಚಿ ನೀರಿಗಿಳಿದ.

"ತುಂಬ ಚೆನ್ನಾಗಿದೆ ಚಿಕ್ಕಪ್ಪ. ಈಗ ಇಂಥದ್ದು ಹುಡುಕಿದ್ರೂ ಸಿಗಲ್ಲ. ಯಾವಾಗ ಎತ್ತಿಸ್ಲಿ?"

"ನನಗೆ ಒಂದು ಪೂಜೆ ಇದೆ," ಅಂದರು ಭಾವ. "ಎಂಟು ಕಳೀಲಿ."

"ಎಂಟು ಕಳೆದ ಮೇಲೆ. ಆಯ್ತು ಚಿಕ್ಕಪ್ಪ, ನಿಮ್ಮ ಪೂಜೆ ಮುಗೀಲಿ," ಎಂದು ಫೋನಿನಲ್ಲಿ ಗುರುತು ಹಾಕಿಕೊಂಡ.

ಅಲ್ಲಿ ನಿಂತವರು ಮೂವರೂ ಅದನ್ನು ಕೇಳಿದೆವು. ಯಾರಿಗೂ ಏನೂ ಅನ್ನಿಸಲಿಲ್ಲ.

ಆಮೇಲೆ ಭಾವ ಜಾಗ ಹುಡುಕುತ್ತ ಹೊರಟರು. ನಾನು ಗಂಜಿ ಪಾತ್ರೆ ತೊಳೆದಿಟ್ಟು ಜೊತೆಗೆ ಹೋದೆ. ಆ ವಯಸ್ಸಿನವರನ್ನು ಆ ರಸ್ತೆಯಲ್ಲಿ ಒಬ್ಬರೇ ಬಿಡುವುದು ಹೇಗೆ? ಬಾಡಿಗೆ ಸ್ಕೂಟರಿನ ಹುಡುಗರಿಗೆ ಕಣ್ಣಿರುತ್ತದೆ, ಬ್ರೇಕು ಇರುವುದಿಲ್ಲ.

ಮೊದಲು ಹೋದದ್ದು ತನೋಂಗ್ ಹತ್ತಿರ. ಅವನು ಭಾವನ ತಂಗಿಯ ಮಗ. ಪ್ರವಾಸಿಗರನ್ನು ಹವಳದ ಬಂಡೆ ತೋರಿಸಲು ಒಯ್ಯುವ ಸ್ಪೀಡ್ ಬೋಟು ನಡೆಸುತ್ತಾನೆ. ಜೆಟ್ಟಿಯ ಮೇಲೆ ಕೂತು ಐಸ್ ಕಾಫಿ ಹೀರುತ್ತಿದ್ದ.

"ನನ್ನ ಬೋಟು ಫೈಬರ್ ಮಾವ. ಅವಳು ಮರದೋಳು. ಕಾಲು ಜಾರುತ್ತೆ."

"ನಿನ್ನ ಬೋಟಿನ ಮೂತೀಲೂ ಮಾಲೆ ಇದೆಯಲ್ಲೋ."

"ಇದೆ. ಅಂದ್ರೆ ಒಬ್ಬಳು ಆಗ್ಲೇ ಇದ್ದಾಳೆ ಅಂತ. ಮನೇಲಿ ಒಬ್ಬಳು, ಬೋಟಲ್ಲಿ ಇಬ್ಬರು. ನಾನು ಬದುಕೋದು ಬೇಡ್ವಾ?"

"ನಿನ್ನ ಹೆಂಡ್ತಿಗೆ ಹೇಳ್ತೀನಿ ತಾಳು," ಎಂದೆ ನಾನು.

ತನೋಂಗ್ ನಕ್ಕ. ಭಾವ ನಗದೆ ನಿಂತದ್ದು ಕಂಡು ಲೋಟ ಕೆಳಗಿಟ್ಟ. "ಮಾವ, ನಿಜ ಹೇಳ್ತೀನಿ. ಬೋಟು ಕಂಪನೀದು. ಅದರಲ್ಲಿ ನನ್ನದು ಅಂತ ಇರೋದು ನನ್ನ ಟೋಪಿ ಮಾತ್ರ. ಜಾಗ ಇದೆ ಅಂತ ನಾನು ಹೇಗೆ ಹೇಳ್ಲಿ? ನಾಳೆ ಅವರು ನನ್ನನ್ನೇ ಇಳಿಸಿದ್ರೆ ಅವಳು ಯಾರನ್ನ ನೋಡ್ಕೊಂಡು ಕೂರ್ತಾಳೆ?"

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ದೋಣಿ ಇಲ್ಲದಿದ್ದರೆ ಜೀವವಿರುವ ತಕಿಯನ್ ಮರಕ್ಕೆ ಮರಳಿ ಕಳಿಸಬಹುದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಗುಡ್ಡದ ಮೇಲಿನ ಮರಗಳು ಹೋಗಿ ಕಾಲವಾಗಿದೆ. ಅಲ್ಲಿ ಈಗ ಒಂದೊಂದು ಮನೆಗೂ ಒಂದೊಂದು ಈಜುಕೊಳ. ಬುದ್ಧ ವಿಹಾರದ ಅಂಗಳದಲ್ಲಿ ಒಂದು ಉಳಿದಿತ್ತು. ತೊಗಟೆಯಲ್ಲಿ ಲಾಟರಿ ನಂಬರು ಮೂಡುತ್ತದೆಂದು ಜನ ಅದಕ್ಕೆ ಪೌಡರು ಉಜ್ಜಿ ಉಜ್ಜಿ ಇಣುಕುತ್ತಿದ್ದರು. ಹೋಗಿ ನೋಡಿದರೆ ಬುಡದವರೆಗೂ ಕಾಂಕ್ರೀಟು. ಪ್ರವಾಸಿಗರ ವ್ಯಾನು ನಿಲ್ಲಲು ಹಾಕಿದ್ದು. ಮರ ನಿಂತೇ ಇತ್ತು, ಎಲೆ ಒಂದೂ ಇರಲಿಲ್ಲ.

ಹಿರಿಯ ಭಿಕ್ಷುಗಳು ಭಾವನ ಮಾತು ಪೂರ್ತಿ ಕೇಳಿಸಿಕೊಂಡರು. "ನೀರು ಹಾಕಿಸಿದೆವು ಉಪಾಸಕರೇ. ನೀರು ಒಳಗೆ ಹೋಗಲಿಲ್ಲ," ಎಂದು ಹೇಳಿ, ನಮ್ಮನ್ನು ಹಿಂದಿನ ಗೋಡೆಯ ಬಳಿಗೆ ಕರೆದೊಯ್ದರು. "ಬೇಕಾದರೆ ಮೂತಿಯ ಬಟ್ಟೆ ಬಿಚ್ಚಿ ತಂದು ಇಲ್ಲಿಡಿ. ಇಲ್ಲಿ ಯಾರನ್ನೂ ಬೇಡ ಅನ್ನುವುದಿಲ್ಲ."

ಗೋಡೆಯ ಬುಡದಲ್ಲಿ ಭೂತದ ಗುಡಿಗಳ ರಾಶಿ ಇತ್ತು. ಮನೆ ಮುಂದೆ ಕಂಬದ ಮೇಲೆ ಇಡುತ್ತೇವಲ್ಲ, ಜಾಗ ಕಾಯುವ ದೈವಕ್ಕೆ, ಆ ಪುಟ್ಟ ಗುಡಿಗಳು. ಮನೆ ಮಾರಿದವರು, ಮನೆ ಕೆಡವಿದವರು ತಂದು ಬಿಟ್ಟು ಹೋದವು. ಒಂದರ ಮಾಡು ಮುರಿದಿತ್ತು, ಒಂದರೊಳಗೆ ಮಣ್ಣಿನ ಅಜ್ಜ ಅಜ್ಜಿ ಗೊಂಬೆಗಳು ಅಡ್ಡ ಬಿದ್ದಿದ್ದವು. ಹಳೇ ಊರು ಪೂರ್ತಿ ಅಲ್ಲಿತ್ತು. ಮಾಡಿನ ಹಸಿರು ಬಣ್ಣ ನೋಡಿ ಅಕ್ಕನ ಮನೆಯದನ್ನು ನಾನು ಗುರುತು ಹಿಡಿದೆ. ಭಾವನೂ ಹಿಡಿದಿರಬೇಕು.

"ಇಲ್ಲಿ ಬೇಡ," ಅಂದರು ಭಾವ. ಭಿಕ್ಷುಗಳು ಬಲವಂತ ಮಾಡಲಿಲ್ಲ. ಒಳಗೆ ಹೋಗಿ ಬಿಳಿ ದಾರದ ಉಂಡೆ ತಂದು ಭಾವನ ಮುಂದಿಟ್ಟರು. "ಜಾಗ ಸಿಕ್ಕಿದಾಗ ಬೇಕಾಗುತ್ತದೆ."

ಸಿಕ್ಕಿತು. ಉತ್ತರದ ಚಿಕ್ಕ ದ್ವೀಪದಲ್ಲಿ ಕ್ಲಾಯ್ ಎಂಬವನಿದ್ದಾನೆ, ಭಾವನ ಹರೆಯದ ಗೆಳೆಯ. ಇಬ್ಬರೂ ಒಟ್ಟಿಗೆ ತೆಂಗಿನಕಾಯಿ ತುಂಬಿಕೊಂಡು ಕಡಲಾಚೆಯ ದೊಡ್ಡ ನೆಲಕ್ಕೆ ಹೋಗುತ್ತಿದ್ದವರು. ಅವನು ಇನ್ನೂ ಮರದ ದೋಣಿಯಲ್ಲಿ ಮಸಿ ಕಾರುವ ಕಣವೆ ಮೀನು ಹಿಡಿಯಲು ಹೋಗುತ್ತಾನೆಂದು ಯಾರೋ ಹೇಳಿದರು. ನನ್ನ ಫೋನಿನಿಂದಲೇ ಮಾತಾಡಿಸಿದೆ. ಇಬ್ಬರಿಗೂ ಕಿವಿ ಮಂದ, ಅಂಗಡಿಗೆಲ್ಲ ಕೇಳಿಸಿತು.

"ಸತ್ತಿಲ್ವೇನೋ ನೀನು?"

"ನಿನ್ನನ್ನ ಹೂತು ಆಮೇಲೆ ಸಾಯ್ತೀನಿ. ವಿಷಯ ಹೇಳು."

ಭಾವ ವಿಷಯ ಹೇಳಿದರು.

"ಜಾಗ ಇದೆ ಕಣೋ," ಅಂದ ಕ್ಲಾಯ್. "ನನ್ನವಳಿಗೂ ಮಾತಿಗೆ ಜನ ಇಲ್ಲ. ಬಹುಳ ಎಂಟಕ್ಕೆ ನೀರು ಸಾಯುತ್ತೆ, ಅವತ್ತು ಬೆಳಿಗ್ಗೆ ಬರ್ತೀನಿ. ಮೂತಿ ತೊಳೆದಿಟ್ಟಿರು."

ಅವತ್ತು ಭಾವ ನನ್ನ ಗಂಜಿಯನ್ನು ಎರಡು ಸಲ ಬೈದರು. ಉಪ್ಪು ಹೆಚ್ಚು, ಶುಂಠಿ ಕಡಿಮೆ, ಅಕ್ಕನ ಕೈಯ ರುಚಿ ನಿನಗೆ ಈ ಜನ್ಮದಲ್ಲಿ ಬರಲ್ಲ. ನಾನು ಇನ್ನೊಂದು ಸೌಟು ಹಾಕಿದೆ.

ಅದಾಗಿ ಕೆಲವೇ ದಿನಕ್ಕೆ, ಒಂದು ಬೆಳಿಗ್ಗೆ ಭಾವ ಗಂಜಿಗೆ ಬರಲಿಲ್ಲ. ಪಿಕುಲ್ ಬಂದಳು, ಸಮವಸ್ತ್ರದಲ್ಲಿ, ಏದುಸಿರು ಬಿಡುತ್ತ. "ಚಿಕ್ಕಮ್ಮ, ಬಾ. ಅಪ್ಪ ಹುಲ್ಲಿನ ಮೇಲೆ ಕೂತುಬಿಟ್ಟಿದ್ದಾರೆ. ಏಳ್ತಿಲ್ಲ."

ಹೋದೆ. ದೋಣಿ ಹೋಟೆಲಿನ ಹುಲ್ಲುಹಾಸಿನಲ್ಲಿ ಎರಡು ಸಿಮೆಂಟು ದಿಂಡುಗಳ ಮೇಲೆ ಕೂತಿತ್ತು. ಬೆಳಗಾಗುವ ಮುಂಚೆಯೇ ಕ್ರೇನಿನವರು ಎತ್ತಿದ್ದರು. ಕರಗಿದ ಐಸಿನ ನೀರು ಹೋಗಲೆಂದು ತಳಕ್ಕೆ ಸಾಲಾಗಿ ತೂತು ಕೊರೆದಿದ್ದರು. ಮರದ ಹೊಟ್ಟು ಹುಲ್ಲಿನ ಮೇಲೆ ಇನ್ನೂ ಕೆಂಪಗೆ ಬಿದ್ದಿತ್ತು. ಭಾವ ಅದನ್ನು ಅಂಗೈಯಿಂದ ಗುಡ್ಡೆ ಮಾಡುತ್ತ ಕೂತಿದ್ದರು.

ಆರ್ಥಿತ್ ಪಕ್ಕದಲ್ಲೇ ಮಂಡಿಯೂರಿದ್ದ. "ಚಿಕ್ಕಪ್ಪ, ನೀವೇ ಹೇಳಿದ್ರಿ, ಎಂಟು ಕಳೀಲಿ ಅಂತ. ನಿನ್ನೆ ಎಂಟನೇ ತಾರೀಕು. ಕಳೀತಲ್ಲ?"

ಭಾವ ಅವನ ಮುಖವನ್ನೇ ನೋಡಿದರು. ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ನನಗೂ ಹಿಡಿಯಿತು. ನಮ್ಮ ಬಾಯಲ್ಲಿ ಎಂಟು ಅಂದರೆ ಚಂದ್ರನ ಎಂಟು. ಬಲೆ ಹಾಕುವವರಿಗೆ, ನೀರು ನೋಡುವವರಿಗೆ ಬೇರೆ ಎಂಟು ಇಲ್ಲ. ಹುಣ್ಣಿಮೆ ಕಳೆದು ಚಂದ್ರ ಅರ್ಧ ಕರಗಿದ ದಿನ ಅದು. ಅದು ಬರಲು ಇನ್ನೂ ಐದಾರು ದಿನವಿತ್ತು. ಅವನ ಎಂಟು ಫೋನಿನೊಳಗಿನ ಎಂಟು. ಬ್ಯಾಂಕಾಕಿನಲ್ಲಿ ಹುಟ್ಟಿದ ಹುಡುಗ, ರಾತ್ರಿ ತಲೆಯೆತ್ತಿದರೆ ದೀಪ ಬಿಟ್ಟು ಬೇರೇನು ಕಂಡಿದ್ದಾನೆ? ಅವನನ್ನು ಬೈಯೋಣವೆಂದರೆ ಬೈಗುಳ ಸಿಗಲಿಲ್ಲ.

"ತೂತು ಮುಚ್ಚಿಸ್ತೀನಿ, ಮತ್ತೆ ನೀರಿಗೆ ಇಳಿಸ್ತೀನಿ," ಅಂದ ಅವನು.

"ಹಳೇ ಹಲಗೆ ಮಗಾ," ಅಂದರು ಭಾವ. "ಕೊರೆದ ಮೇಲೆ ಸೀಳು ಓಡುತ್ತೆ. ನೋಡು, ಓಡಿದೆ." ಬೆರಳಿಟ್ಟು ತೋರಿಸಿದರು. ತೂತಿನಿಂದ ತೂತಿಗೆ ಕೂದಲಿನಂಥ ಗೆರೆ ಹೋಗಿತ್ತು.

ಕ್ಲಾಯ್‌ಗೆ ಬರಬೇಡ ಎಂದು ಹೇಳೋಣವೆಂದರೆ ಭಾವ ಬಿಡಲಿಲ್ಲ. "ಬರ್ಲಿ. ದೋಣಿ ನೀರಲ್ಲಿಲ್ಲ ಅಂದ್ರೆ ದಾರ ನೀರಿನವರೆಗೆ ಹೋಗ್ಲಿ," ಅಂದರು. ಹಾಗೆ ಮಾಡಿದ್ದು ಹಿಂದೆ ಯಾರೂ ಕೇಳಿಲ್ಲ. ಮಾಡಬಾರದೆಂದೂ ಯಾರೂ ಹೇಳಿರಲಿಲ್ಲ.

ಬಹುಳ ಎಂಟರ ಬೆಳಿಗ್ಗೆ ನೀರು ಸತ್ತಿತ್ತು. ಅಂಥ ನೀರನ್ನು ನಾನು ಬಹಳ ಕಾಲದಿಂದ ನೋಡಿರಲಿಲ್ಲ, ಅಥವಾ ನೋಡಲು ಹೋಗಿರಲಿಲ್ಲ. ಕ್ಲಾಯ್ ತನ್ನ ಕಪ್ಪು ದೋಣಿಯನ್ನು ಈಜುವವರ ಹಗ್ಗದ ಆಚೆ ತಂದು ನಿಲ್ಲಿಸಿದ. ಅದರ ಈಚೆ ಬರಲು ಹೋಟೆಲಿನ ಕಾವಲಿನವರು ಬಿಡಲಿಲ್ಲ. ಮೂತಿಯಲ್ಲಿ ಹೊಸ ಬಟ್ಟೆ, ಹೊಸ ಮಾಲೆ. ಕ್ಲಾಯ್ ಹಳೇ ಕೋಟು ಹಾಕಿಕೊಂಡು ಬಂದಿದ್ದ, ಹೆಣ್ಣು ಕೇಳಲು ಬಂದವನ ಹಾಗೆ.

ಭಾವ ಹುಲ್ಲಿನ ಮೇಲೆ, ದೋಣಿಯ ಮೂತಿಗೆ ದಾರ ಕಟ್ಟಿದರು. ನಾನು ಉಂಡೆ ಹಿಡಿದು ಬಿಚ್ಚುತ್ತ ನಡೆದೆ. ಹುಲ್ಲು ದಾಟಿ, ಬಿಸಿಲು ಕಾಯುವವರ ಮಂಚಗಳ ನಡುವೆ, ಛತ್ರಿಗಳ ಕೆಳಗೆ, ಮರಳು ದಾಟಿ ನೀರಿಗೆ. ಮಂಚದವರು ಎದ್ದು ಕೂತು ಫೋನು ಎತ್ತಿದರು. ಒಬ್ಬ ಬಿಳಿಯ ಹೆಂಗಸು ದಾರ ಹರಿಯಬಾರದೆಂದು ಬಗ್ಗಿ, ಮಗುವನ್ನೂ ಬಗ್ಗಿಸಿ, ಅಡಿಯಿಂದ ದಾಟಿಕೊಂಡಳು. ಅವಳಿಗೆ ಒಳ್ಳೆಯದಾಗಲಿ. ಪಿಕುಲ್ ಸಮವಸ್ತ್ರದಲ್ಲೇ ಸೊಂಟದವರೆಗೆ ನೀರಿಗಿಳಿದು ದಾರದ ತುದಿ ನನ್ನಿಂದ ತೆಗೆದುಕೊಂಡು ಹೋಗಿ ಕ್ಲಾಯ್ ಕೈಗೆ ಕೊಟ್ಟಳು.

"ಅಮ್ಮಾ," ಎಂದು ಭಾವ ಕರೆಯುವುದು ನನಗೆ ಅಲ್ಲಿಯವರೆಗೂ ಕೇಳಿಸಿತು. "ಈ ಮನೆ ಮುಗೀತು. ತಪ್ಪಿದ್ರೆ ಹೊಟ್ಟೇಲಿ ಹಾಕ್ಕೊ. ದಾರ ಹಿಡ್ಕೊಂಡು ಹೋಗು."

"ಜಾಗ ಇದೆ ಬಾರವ್ವ," ಎಂದು ಕ್ಲಾಯ್ ಕೂಗಿದ. "ಜಾಗ ಇದೆ."

ಎಲ್ಲರೂ ಕ್ಲಾಯ್‌ನ ದೋಣಿಯ ಮೂತಿಯನ್ನೇ ನೋಡುತ್ತಿದ್ದೆವು. ನೀರು ಅಲುಗಲಿಲ್ಲ. ಮೂತಿಯ ನೆರಳು ನೀರಿನಲ್ಲಿ ಒಡೆಯದೆ ನಿಂತಿತ್ತು. ಆಗ ಕೊಲ್ಲಿಯ ಬಾಯಿಯಲ್ಲಿ ತನೋಂಗ್‌ನ ಬೋಟು ಬಂತು, ಜನ ತುಂಬಿಕೊಂಡು. ಮಾವನನ್ನೂ ದಾರವನ್ನೂ ಕಂಡ. ಒಳ್ಳೆಯ ಹುಡುಗ, ಗೌರವಕ್ಕೆಂದು ಕೂಡಲೇ ವೇಗ ಇಳಿಸಿದ. ಹಾಗೇ ಓಡಿಸಿಕೊಂಡು ಹೋಗಿದ್ದರೆ ಅಷ್ಟು ಆಗುತ್ತಿರಲಿಲ್ಲ. ಓಡುವ ಬೋಟು ನೀರಿನ ಮೇಲೆ ಹಗುರಾಗಿರುತ್ತದೆ, ತಡೆದರೆ ಕುಕ್ಕರಿಸಿ ಹಿಂದಿನ ನೀರನ್ನೆಲ್ಲ ಮುಂದೆ ನೂಕುತ್ತದೆ. ಅಲೆ ಉರುಳುತ್ತ ಬಂತು. ಕ್ಲಾಯ್‌ನ ದೋಣಿಯ ಮೂತಿ ತಗ್ಗಿತು. ಎದ್ದಿತು. ಮತ್ತೆ ತಗ್ಗಿತು, ಮತ್ತೆ ಎದ್ದಿತು. ದಾರ ಹರಿದು ನೀರಿನ ಮೇಲೆ ಬಿತ್ತು.

"ಬಂದಳಾ?" ಎಂದು ಭಾವ ಹುಲ್ಲಿನಿಂದ ಕೂಗಿ ಕೇಳಿದರು.

ಕ್ಲಾಯ್ ಮೂತಿಯ ಮೇಲೆ ಅಂಗೈ ಇಟ್ಟುಕೊಂಡು ಅಲೆ ನಿಲ್ಲಲೆಂದು ಕಾದ. ಅದರ ಹಿಂದೆಯೇ ಇನ್ನೊಂದು ಬೋಟು ಬಂತು, ಅದರ ಹಿಂದೆ ಮತ್ತೊಂದು. ಹತ್ತು ಗಂಟೆಯ ಹೊತ್ತು, ಬಂಡೆ ನೋಡಲು ಹೊರಡುವ ಸಮಯ.

"ಗೊತ್ತಾಗ್ತಿಲ್ಲ ಕಣೋ ವಿಯನ್," ಅಂದ. "ಗೊತ್ತಾಗ್ತಿಲ್ಲ."

ಮಂಚದವರು ಚಪ್ಪಾಳೆ ತಟ್ಟಿದರು.

ಆಮೇಲೆ ಭಾವ ಅದೇ ಹೋಟೆಲಿನ ಕೆಲಸಕ್ಕೆ ಸೇರಿದರು. ಪಿಕುಲ್ ಕೇಳಿಕೊಂಡಳು, ಆರ್ಥಿತ್ ತಕ್ಷಣ ಒಪ್ಪಿದ. ನೀಲಿ ಅಂಗಿ, ಸೊಂಟಕ್ಕೆ ಚೌಕಳಿ ಬಟ್ಟೆ, ಹುಲ್ಲಿನ ಟೋಪಿ. ಬೆಸ್ತನ ವೇಷ. ಜೀವಮಾನವೆಲ್ಲ ಬೆಸ್ತನಾಗಿದ್ದಾಗ ಅವರು ಅಂಥ ಬಟ್ಟೆ ಹಾಕಿದ್ದು ನಾನು ಕಂಡಿಲ್ಲ, ಹಳೇ ಫುಟ್‌ಬಾಲ್ ಬನಿಯನ್ನಿನಲ್ಲೇ ಕಡಲಿಗೆ ಹೋಗುತ್ತಿದ್ದರು. ಬೆಳಿಗ್ಗೆ ದೋಣಿ ತೊಳೆದಿಡಬೇಕು, ಸಂಜೆ ಅದರ ಪಕ್ಕ ನಿಂತು ಬಂದವರಿಗೆ ಏಡಿ ಎತ್ತಿಕೊಡಬೇಕು. ಅವಳು ಇನ್ನೂ ಅಲ್ಲೇ ಇದ್ದರೆ ಒಬ್ಬಳನ್ನೇ ಬಿಡುವುದು ಹೇಗೆ ಎಂದು ನನಗೆ ಹೇಳಿದರು. ಊದುಬತ್ತಿ ಹಚ್ಚುವಂತಿಲ್ಲ, ಊಟದವರಿಗೆ ಹೊಗೆ ಆಗುವುದಿಲ್ಲ. ಮೂತಿಯ ಬಟ್ಟೆಯನ್ನು ಹೋಟೆಲಿನವರೇ ಬದಲಾಯಿಸುತ್ತಾರೆ, ಅಂದು ಅಲ್ಲಿ ನಡೆಯುವ ಮದುವೆಯ ಮೇಜುಬಟ್ಟೆಗೆ ಹೊಂದುವ ಬಣ್ಣದ್ದು. ಭಾವ ದೋಣಿಯ ಅಡಿಯಲ್ಲಿ, ನೀರು ತೊಟ್ಟಿಕ್ಕುವ ಕಡೆ ಬಿಟ್ಟು, ಯಾರಿಗೂ ಕಾಣದಂತೆ ಅವಳ ನೈವೇದ್ಯಕ್ಕೆ ಒಂದು ಲೋಟ ಕೆಂಪು ಸೋಡಾ ಇಟ್ಟು ಬರುತ್ತಾರೆ. ಆ ಕಡೆ ಕ್ಲಾಯ್, ಬಂದಿದ್ದರೆ ಇರಲಿ ಎಂದು, ತನ್ನ ದೋಣಿಯಲ್ಲಿ ಇಬ್ಬರಿಗೂ ಊದುಬತ್ತಿ ಹಚ್ಚುತ್ತಿದ್ದ.

ಹಚ್ಚುತ್ತಿದ್ದ ಅನ್ನುತ್ತೇನೆ, ಯಾಕೆಂದರೆ ಈ ಮಳೆಗಾಲದಲ್ಲಿ ಅವನ ಫೋನು ಬಂತು. ಅವನ ಕೊಲ್ಲಿಗೂ ಹಗ್ಗ ಬಂದಿದೆ. ದೋಣಿಯನ್ನು ಬಿಚ್ಚಿ ಹಲಗೆ ಮಾಡಿ ಕಾಫಿ ಅಂಗಡಿಯ ಮೇಜಿಗೆ ಒಯ್ದರು. ನನ್ನ ಅಂಗಡಿಯಲ್ಲಿ ಗಿರಾಕಿಗಳಿದ್ದರು, ಆದರೂ ಕ್ಲಾಯ್ ಮಾತು ಎಲ್ಲರಿಗೂ ಕೇಳಿಸಿತು.

"ಇಬ್ಬರನ್ನೂ ಕರೆದೆ ಕಣೋ. ಜಾಗ ಇದೆ ಅನ್ನೋಕೆ ಎದುರು ಯಾರೂ ಇರಲಿಲ್ಲ. ನಾನೇ ಕರೆದು, ಆ ಕಡೆ ಓಡಿಹೋಗಿ ನಾನೇ ಜಾಗ ಇದೆ ಅಂದೆ. ಬರೀ ನೀರು ಇತ್ತು."

ಭಾವ ಫೋನು ನನಗೆ ಕೊಟ್ಟು ಕೂತರು. ಗಂಜಿ ಮುಂದಿತ್ತು, ಬೈಯಲಿಲ್ಲ. ಕೂತಲ್ಲಿಂದಲೇ ನನ್ನ ಅಂಗಡಿಯ ಮಾಡು ನೋಡಿದರು, ಕಂಬ ನೋಡಿದರು.

"ನುವಾನ್, ಈ ಕಂಬ ಯಾವ ಮರ?"

"ಕಬ್ಬಿಣದ ಪೈಪು ಭಾವ. ಕಂದು ಬಣ್ಣ ಹೊಡೆಸಿದ್ದು. ಅಂಗಡಿ ಕೂಡ ಬಾಡಿಗೇದು."

"ಗೊತ್ತಿತ್ತು. ಸುಮ್ಮನೆ ಕೇಳಿದೆ."

ನಾನು ಒಲೆಯ ಉರಿ ತಗ್ಗಿಸಿದೆ. ಯಾರೇ ಬರಲಿ, ಅಂಗಡಿ ಎಷ್ಟೇ ತುಂಬಿರಲಿ, "ಜಾಗ ಇದೆ, ಕೂತ್ಕೊಳ್ಳಿ" ಅನ್ನುವುದು ನನಗೆ ಎಷ್ಟೋ ವರ್ಷದ ಅಭ್ಯಾಸ. ಅಷ್ಟರಲ್ಲಿ ವ್ಯಾನಿನ ಡ್ರೈವರನೊಬ್ಬ ಒಳಗೆ ಇಣುಕಿ, "ಅಕ್ಕಾ, ಜಾಗ ಇದ್ಯಾ?" ಅಂದ. ಆ ಮಾತು ಇನ್ಯಾರ ಕಿವಿಗೆ ಬೀಳುತ್ತದೋ ಎಂದು ನನ್ನ ಬಾಯಿಗೆ ಬರಲಿಲ್ಲ. ಭಾವ ಎದ್ದು, ತಮ್ಮ ಸ್ಟೂಲನ್ನು ಬಟ್ಟೆಯಿಂದ ಒರೆಸಿ ಅವನ ಕಡೆ ಸರಿಸಿ, ಹುಲ್ಲಿನ ಟೋಪಿ ಎತ್ತಿಕೊಂಡು ಕೆಲಸಕ್ಕೆ ಹೋದರು.